ಅಚ್ಚಿಗೆ ಕಳುಹಿಸುವ ಮುನ್ನ: ಪಂಚಾಯಿತಿಯ ಕರಪತ್ರ ಹಾಗೂ ಅಂಚೆ ನೋಟಿಸುಗಳ ಸಿದ್ಧತೆ



ಗ್ರಾಮ ಸಭೆಯ ಕರಪತ್ರ, ತೆರಿಗೆ ಬೇಡಿಕೆ ನೋಟಿಸು, ಫಲಾನುಭವಿಗಳಿಗೆ ಕಳುಹಿಸುವ ತಿಳಿವಳಿಕೆ ಪತ್ರ ಇವೆಲ್ಲವೂ ಪಂಚಾಯಿತಿಯ ಪರವಾಗಿ ಮನೆಮನೆಗೆ ಹೋಗುವ ಕಾಗದಗಳು. ಮೊಬೈಲಿನ ಸಂದೇಶದಲ್ಲಿ ತಪ್ಪಾದರೆ ಕೂಡಲೇ ತಿದ್ದಿ ಕಳುಹಿಸಬಹುದು. ಅಚ್ಚಾಗಿ ಹಂಚಿಹೋದ ಸಾವಿರ ಪ್ರತಿಗಳನ್ನು ಹಿಂದಕ್ಕೆ ಪಡೆಯಲಾಗದು. ಆದ್ದರಿಂದ ಮುದ್ರಣಾಲಯಕ್ಕೆ ಹೋಗುವ ಫೈಲನ್ನು ಠರಾವು ಪುಸ್ತಕದಷ್ಟೇ ಎಚ್ಚರಿಕೆಯಿಂದ ನೋಡಬೇಕಾಗುತ್ತದೆ.

ನಾನು ಹಿಂದೆ ಕರ್ತವ್ಯ ನಿರ್ವಹಿಸಿದ ಪಂಚಾಯಿತಿಯೊಂದರಲ್ಲಿ, ವಸತಿ ಫಲಾನುಭವಿಗಳ ಆಯ್ಕೆಗಾಗಿ ಕರೆದ ಗ್ರಾಮ ಸಭೆಯ ಕರಪತ್ರವನ್ನು ನಾನೇ ಸಿದ್ಧಪಡಿಸಿದ್ದೆನು. ಸಭೆಯ ಸಮಯವು ಕೊನೆಯ ಸಾಲಿನಲ್ಲಿ, ಕಾಗದದ ಅಂಚಿಗೆ ತಾಗಿದಂತಿತ್ತು. ಕಟಿಂಗ್ ಯಂತ್ರದಲ್ಲಿ ಹಲವು ಪ್ರತಿಗಳ ಆ ಸಾಲೇ ಕತ್ತರಿಸಿಹೋಯಿತು. ದೂರದ ಹಟ್ಟಿಯ ಮಹಿಳೆಯರು ಅರ್ಧ ದಿನದ ಕೂಲಿ ಬಿಟ್ಟು ಮಧ್ಯಾಹ್ನ ಬಂದಾಗ ಸಭೆ ಮುಗಿದಿತ್ತು. “ಚೀಟಿಯಲ್ಲಿ ಹೊತ್ತೇ ಬರೆದಿಲ್ಲವಲ್ಲ ಸಾರ್” ಎಂದು ಒಬ್ಬ ತಾಯಿ ಆ ಕಾಗದವನ್ನು ನನ್ನ ಮೇಜಿನ ಮೇಲಿಟ್ಟರು. ಅಧ್ಯಕ್ಷರು ಮತ್ತೊಮ್ಮೆ ಸಭೆ ಕರೆಯಲು ಒಪ್ಪಿದರು. ಆದರೆ ಅವರ ಅರ್ಧ ದಿನದ ಕೂಲಿ ಮರಳಲಿಲ್ಲ. ತಪ್ಪು ಮುದ್ರಣಾಲಯದ್ದಲ್ಲ, ಅಂಚು ಬಿಡದೆ ಫೈಲು ಕಳುಹಿಸಿದ ನನ್ನದು. ಆ ಬಳಿಕ ರೂಢಿಸಿಕೊಂಡ ಕ್ರಮವನ್ನು ಇಲ್ಲಿ ವಿವರಿಸಿದೆ.

1. ಅಳತೆ ಮತ್ತು ಅಂಚು

ಮೊದಲು ಕಾಗದದ ಅಳತೆಯನ್ನು ನಿಶ್ಚಯಿಸಬೇಕು. ಎ4 ಹಾಳೆಯು 210×297 ಮಿ.ಮೀ., ಅದರ ಅರ್ಧವಾದ ಎ5 ಹಾಳೆಯು 148×210 ಮಿ.ಮೀ. ಇರುತ್ತದೆ. ನೂರಾರು ಹಾಳೆಗಳನ್ನು ಒಟ್ಟಿಗೆ ಜೋಡಿಸಿ ಕತ್ತರಿಸುವಾಗ ಒಂದೆರಡು ಮಿ.ಮೀ. ವ್ಯತ್ಯಾಸವಾಗುವುದು ಸಹಜ. ಹಿನ್ನೆಲೆಯ ಬಣ್ಣ ಅಥವಾ ಚಿತ್ರವು ಅಂಚಿನವರೆಗೆ ಬರಬೇಕಾದರೆ ಅದನ್ನು ನಾಲ್ಕೂ ಕಡೆ 3 ಮಿ.ಮೀ. ಹೊರಕ್ಕೆ ಚಾಚಬೇಕು. ಇದಕ್ಕೆ ಬ್ಲೀಡ್ ಎನ್ನುತ್ತಾರೆ. ಎ5 ಕರಪತ್ರಕ್ಕೆ ಆಗ ಫೈಲಿನ ಅಳತೆ 154×216 ಮಿ.ಮೀ. ಆಗುತ್ತದೆ. ಅಕ್ಷರಗಳಾದರೋ ಕತ್ತರಿಸುವ ಗೆರೆಯಿಂದ ಕನಿಷ್ಠ 5 ಮಿ.ಮೀ. ಒಳಗಿರಲಿ. ದಿನಾಂಕ, ಸಮಯ, ಸ್ಥಳಗಳು ಕರಪತ್ರದ ಮೇಲ್ಭಾಗದಲ್ಲಿ, ಶೀರ್ಷಿಕೆಯ ಕೆಳಗೇ ಇರಲಿ.

2. ಕನ್ನಡ ಅಕ್ಷರಗಳು

ನಮ್ಮ ಕಚೇರಿಗಳಲ್ಲಿ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದ ಹಳೆಯ ಫಾಂಟುಗಳೂ ಯೂನಿಕೋಡ್ ಫಾಂಟುಗಳೂ ಬಳಕೆಯಲ್ಲಿವೆ. ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಪತ್ರವನ್ನು ಆ ಫಾಂಟು ಇಲ್ಲದ ಗಣಕಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಯೂನಿಕೋಡ್ ಪಠ್ಯವನ್ನು ಕೆಲವು ಹಳೆಯ ಪುಟವಿನ್ಯಾಸ ತಂತ್ರಾಂಶಗಳಲ್ಲಿ ಇರಿಸಿದರೆ ಒತ್ತಕ್ಷರಗಳು ಒಡೆದು ಬೇರೆಬೇರೆಯಾಗಿ ನಿಲ್ಲುತ್ತವೆ. ಆದಕಾರಣ ಮುದ್ರಣಾಲಯಕ್ಕೆ ವರ್ಡ್ ಫೈಲನ್ನು ಕಳುಹಿಸದೆ, ಫಾಂಟು ಅಡಕವಾಗಿರುವ ಪಿಡಿಎಫ್ ಕಳುಹಿಸಬೇಕು. ಡಿಟಿಪಿ ಮಾಡುವವರು ಅಕ್ಷರಗಳನ್ನು ಕರ್ವ್ ಆಗಿ ಮಾರ್ಪಡಿಸಿಕೊಟ್ಟರೂ ಆದೀತು. ಕರ್ವ್ ಆದ ಪಠ್ಯವನ್ನು ಮತ್ತೆ ಬೆರಳಚ್ಚಿನಿಂದ ತಿದ್ದಲಾಗದು. ಆದ್ದರಿಂದ ಮೂಲ ಪ್ರತಿಯನ್ನು ಕಚೇರಿಯಲ್ಲಿ ಉಳಿಸಿಕೊಳ್ಳತಕ್ಕದ್ದು. ಒಂದು ಫಾಂಟಿನಿಂದ ಇನ್ನೊಂದಕ್ಕೆ ಪರಿವರ್ತಿಸಿದ್ದಲ್ಲಿ ಒತ್ತಕ್ಷರ, ಅರ್ಕಾವೊತ್ತು ಮತ್ತು ಅಂಕಿಗಳನ್ನು ಮೊದಲಿನಿಂದ ಓದಬೇಕು.

3. ಚಿತ್ರ ಮತ್ತು ಬಣ್ಣ

ಮುದ್ರಣಕ್ಕೆ ಒಂದು ಅಂಗುಲಕ್ಕೆ 300 ಬಿಂದುಗಳಷ್ಟು ಸಾಂದ್ರತೆ ಬೇಕು. 10 ಸೆಂ.ಮೀ. ಅಗಲದ ಚಿತ್ರಕ್ಕೆ ಸುಮಾರು 1,180 ಪಿಕ್ಸೆಲ್ ಅಗಲ ಇರಬೇಕೆಂದು ಇದರಿಂದ ಲೆಕ್ಕವಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳುಹಿಸಿದರೆ ಚಿತ್ರ ಕುಗ್ಗುತ್ತದೆ. ಅದನ್ನು ಡಾಕ್ಯುಮೆಂಟ್ ಆಗಿ ಕಳುಹಿಸುವುದು ಸೂಕ್ತ. ಪರದೆಯು ಕೆಂಪು, ಹಸಿರು, ನೀಲಿ ಬೆಳಕಿನಿಂದ ಬಣ್ಣ ತೋರಿಸುತ್ತದೆ. ಬಹುವರ್ಣದ ಆಫ್‌ಸೆಟ್ ಮುದ್ರಣದಲ್ಲಾದರೆ ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳಿರುತ್ತವೆ. ಹಾಗಾಗಿ ಪರದೆಯ ಹೊಳೆಯುವ ಹಸಿರು ಕಾಗದದ ಮೇಲೆ ಮಂಕಾಗುವುದುಂಟು. ಸಣ್ಣ ಅಕ್ಷರಗಳನ್ನು ಕಪ್ಪು ಶಾಯಿಯೊಂದರಲ್ಲೇ ಮುದ್ರಿಸಬೇಕು. ನಾಲ್ಕು ಶಾಯಿ ಬೆರೆತ ಕಪ್ಪಿನಲ್ಲಿ ಪ್ಲೇಟು ಕೂದಲೆಳೆಯಷ್ಟು ಸರಿದರೂ ಅಕ್ಷರ ಮಸುಕಾಗುತ್ತದೆ, ಹಿರಿಯರಿಗೆ ಓದಲಾಗದು.

4. ವಿಳಾಸ ಮತ್ತು ಅಂಚೆ

ಬೇಡಿಕೆ ನೋಟಿಸು ಕೈಗೆ ತಲುಪದಿದ್ದರೆ ವಸೂಲಿಯೂ ನಿಲ್ಲುತ್ತದೆ, ತಕರಾರೂ ಹುಟ್ಟುತ್ತದೆ. ವಿಳಾಸದಲ್ಲಿ ಹೆಸರು, ತಂದೆ ಅಥವಾ ಪತಿಯ ಹೆಸರು, ಮನೆ ಸಂಖ್ಯೆ, ಗ್ರಾಮ, ಅಂಚೆ, ತಾಲ್ಲೂಕು, ಜಿಲ್ಲೆ, ಪಿನ್‌ಕೋಡ್ ಪ್ರತ್ಯೇಕ ಕಾಲಂಗಳಲ್ಲಿರಲಿ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್‌ಕೋಡ್‌ನಲ್ಲಿ ಆರು ಅಂಕಿಗಳಿದ್ದು, ಕೊನೆಯ ಮೂರು ಅಂಕಿಗಳು ಬಟವಾಡೆ ಕಚೇರಿಯನ್ನು ಸೂಚಿಸುತ್ತವೆ. ಒಂದೇ ಪಂಚಾಯಿತಿಯ ಗ್ರಾಮಗಳು ಬೇರೆಬೇರೆ ಅಂಚೆ ಕಚೇರಿಗಳಿಗೆ ಸೇರಿರಬಹುದಾದ್ದರಿಂದ ಎಲ್ಲರಿಗೂ ಒಂದೇ ಸಂಖ್ಯೆ ಹಾಕಬಾರದು.

ಎಕ್ಸೆಲ್‌ನಲ್ಲಿ ಒಂದು ಕಾಲಂ ಮಾತ್ರ ಆಯ್ದು ಅಕಾರಾದಿಯಾಗಿ ಜೋಡಿಸಿದರೆ ಒಬ್ಬರ ಹೆಸರಿನ ಮುಂದೆ ಇನ್ನೊಬ್ಬರ ಬಾಕಿ ಬಂದು ನಿಲ್ಲುತ್ತದೆ. ಇಡೀ ಪಟ್ಟಿಯನ್ನು ಆಯ್ದೇ ಜೋಡಿಸಬೇಕು, ಬಳಿಕ ಹತ್ತು ಹೆಸರುಗಳನ್ನು ವಹಿಯೊಂದಿಗೆ ತಾಳೆ ನೋಡಬೇಕು.

ಎ4 ನೋಟಿಸನ್ನು ಮೂರು ಮಡಿಕೆ ಮಾಡಿದರೆ ಪ್ರತಿ ಭಾಗ 99 ಮಿ.ಮೀ. ಆಗಿ, 110×220 ಮಿ.ಮೀ. ಲಕೋಟೆಯಲ್ಲಿ ಕೂರುತ್ತದೆ. ಕಿಟಕಿ ಲಕೋಟೆಯಾದರೆ ವಿಳಾಸ ಮಾತ್ರ ಕಾಣಬೇಕು. ಬಾಕಿ ಮೊತ್ತ ಹೊರಗೆ ಕಂಡರೆ ಅದು ಒಬ್ಬರ ಮಾನದ ಪ್ರಶ್ನೆ. 75 ಜಿಎಸ್‌ಎಂ ಎ4 ಹಾಳೆಯ ತೂಕ ಸುಮಾರು 4.7 ಗ್ರಾಂ. ಪತ್ರದ ಅಂಚೆ ದರವನ್ನು 20 ಗ್ರಾಂ ಹಂತಗಳಲ್ಲಿ ಲೆಕ್ಕ ಹಾಕುವುದರಿಂದ, ನಾಲ್ಕು ಹಾಳೆಗೆ ಲಕೋಟೆಯ ತೂಕ ಸೇರಿದಾಗ ಮೊದಲ ಹಂತ ದಾಟುತ್ತದೆ. ವಿಷಯವನ್ನು ಎರಡೂ ಬದಿ ಮುದ್ರಿಸಿ ಎರಡು ಹಾಳೆಗೆ ಇಳಿಸಿದರೆ ವೆಚ್ಚ ಉಳಿಯುತ್ತದೆ. ಮುದ್ರಣಾಲಯಕ್ಕೆ ಅಗತ್ಯವಾದ ಕಾಲಂಗಳನ್ನಷ್ಟೇ ಕೊಡಬೇಕು. ಆಧಾರ್ ಮತ್ತು ಬ್ಯಾಂಕ್ ಖಾತೆಯ ಸಂಖ್ಯೆಗಳು ಕಚೇರಿಯ ಹೊರಗೆ ಹೋಗಬಾರದು.

5. ಕರಡಚ್ಚು ಮತ್ತು ಸಹಿ

ಪರದೆಯ ಮೇಲೆ ನೋಡಿ ಒಪ್ಪಿಗೆ ಕೊಡುವುದು ಸಾಲದು. ನಿಜ ಅಳತೆಯಲ್ಲಿ ಕಾಗದದ ಮೇಲೆ ಕರಡಚ್ಚು ತೆಗೆಸಿ, ಅಂಚಿನಲ್ಲಿ ಮಡಿಸಿ, ಜೋರಾಗಿ ಓದಿಸಬೇಕು. ಫಾಂಟು, ಬ್ಲೀಡ್, ಬಣ್ಣಗಳ ಹೊಣೆ ಅಧಿಕಾರಿ ಮತ್ತು ಡಿಟಿಪಿ ಮಾಡುವವರದು. ಆದರೆ ಕೇರಿಯ ಸರಿಯಾದ ಹೆಸರು, ಸಭೆ ಸೇರುವ ಕಟ್ಟೆ, ಆ ದಿನ ಊರಿನಲ್ಲಿ ಸಂತೆಯೋ ಜಾತ್ರೆಯೋ ಇದೆಯೇ ಎಂಬುದು ಯಾವ ತಂತ್ರಾಂಶಕ್ಕೂ ತಿಳಿಯದು, ಸದಸ್ಯರಿಗೆ ತಿಳಿದಿದೆ. ಆದ್ದರಿಂದ ಆಯಾ ವಾರ್ಡಿನ ಸದಸ್ಯರು ಕರಡಚ್ಚನ್ನು ಓದಿ ದಿನಾಂಕ ಸಹಿತ ಸಹಿ ಮಾಡಿದ ನಂತರವೇ ಮುದ್ರಣಕ್ಕೆ ಅನುಮತಿ ನೀಡುವ ಪದ್ಧತಿ ಒಳ್ಳೆಯದು. ಸಹಿಯಾದ ಪ್ರತಿ ಕಚೇರಿಯ ಕಡತದಲ್ಲಿರಲಿ.

ಅಭ್ಯಾಸ: ತಮ್ಮ ಪಂಚಾಯಿತಿಯ ಹಿಂದಿನ ಗ್ರಾಮ ಸಭೆಯ ಕರಪತ್ರವೊಂದನ್ನು ಮುಂದಿನ ಸಭೆಗೆ ತನ್ನಿರಿ. ಅಂಚಿನಿಂದ ಅಕ್ಷರಕ್ಕೆ ಎಷ್ಟು ಮಿ.ಮೀ. ಇದೆಯೆಂದು ಅಳತೆಪಟ್ಟಿಯಿಂದ ಅಳೆಯಿರಿ. ಬಳಿಕ ಅದನ್ನು ಕನ್ನಡಕವಿಲ್ಲದ ಹಿರಿಯರೊಬ್ಬರ ಕೈಗೆ ಕೊಟ್ಟು, ಸಭೆ ಎಂದು, ಎಷ್ಟು ಹೊತ್ತಿಗೆ, ಎಲ್ಲಿ ಎಂದು ಕೇಳಿರಿ. ಮೂರಕ್ಕೂ ಉತ್ತರ ದೊರೆತರೆ ಆ ಕರಪತ್ರ ತನ್ನ ಕೆಲಸ ಮಾಡಿದೆ.