ಒಂದೇ ಕಂಪ್ಯೂಟರಿನಲ್ಲಿ ಹಳೆಯ ಆಫೀಸ್, ಹೊಸ ಆಫೀಸ್: ಹೊಂದಿಸಿಕೊಳ್ಳುವ ಕ್ರಮ



ಹಳೆಯ ಅಡಿಕೆ ತೋಟವನ್ನು ಹೊಸದು ಮಾಡುವವರು ಮೊದಲ ದಿನವೇ ಮುದಿಮರಗಳನ್ನೆಲ್ಲ ಕಡಿದು ಕೆಡಹುವುದಿಲ್ಲ. ಮರಗಳ ನಡುವೆ ಸಸಿ ಇಟ್ಟು, ಸಸಿ ಫಸಲಿಗೆ ಬಂದ ಮೇಲೆ ಹಳೆಯದನ್ನು ಒಂದೊಂದಾಗಿ ತೆಗೆಯುತ್ತಾರೆ. ಅಷ್ಟು ವರ್ಷ ಹಳೆಯದೂ ಹೊಸದೂ ಒಂದೇ ನೆಲದಲ್ಲಿ ನಿಂತಿರುತ್ತವೆ. ಕಚೇರಿಯ ಕಂಪ್ಯೂಟರಿನಲ್ಲಿ ಲೆಕ್ಕಪತ್ರ ಬರೆಯುವ ತಂತ್ರಾಂಶವನ್ನು ಬದಲಿಸುವಾಗಲೂ ಈ ಕ್ರಮವೇ ಹಿತವಾದುದು. ಮೈಕ್ರೋಸಾಫ್ಟ್ ಆಫೀಸ್ ಎಂಬ ತಂತ್ರಾಂಶದ ಹಳೆಯ ಹಾಗೂ ಹೊಸ ಆವೃತ್ತಿಗಳನ್ನು ಒಂದೇ ಯಂತ್ರದಲ್ಲಿ ಇರಿಸಿಕೊಳ್ಳುವುದು ಹೇಗೆ, ಎಲ್ಲಿಯವರೆಗೆ ಇರಿಸಿಕೊಳ್ಳಬೇಕು ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಈಗೇಕೆ ಈ ವಿಚಾರ?

ಆಫೀಸ್ 2016 ಮತ್ತು 2019, ಇವೆರಡಕ್ಕೂ ಕಂಪನಿಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತದ್ದೂ ಅದೇ ದಿನ. ಆದ್ದರಿಂದ ಅನೇಕ ಕಚೇರಿಗಳಲ್ಲಿಯೂ ಮನೆಗಳಲ್ಲಿಯೂ ಹೊಸ ಕಂಪ್ಯೂಟರು, ಹೊಸ ಆಫೀಸ್ ಕೊಳ್ಳುವ ಮಾತು ನಡೆದಿದೆ. ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಅದರಲ್ಲಿರುವ ಲೆಕ್ಕವನ್ನು ಹೊಸ ಯಂತ್ರ ಓದಬಲ್ಲದೇ ಎಂದು ನೋಡಿಕೊಳ್ಳತಕ್ಕದ್ದು.

ಒಂದು ಉದಾಹರಣೆ ತೆಗೆದುಕೊಳ್ಳೋಣ. 1999ರಲ್ಲಿ ಕಂಪ್ಯೂಟರು ತಂದ ಸಂಘವೊಂದು ತನ್ನ ಷೇರು, ಠೇವಣಿ, ಮುಂಗಡದ ಖಾತೆಗಳನ್ನು ಆಕ್ಸೆಸ್ 97ರಲ್ಲಿ ಬರೆದಿಟ್ಟಿದೆ ಎನ್ನಿ. ಸದಸ್ಯರೊಬ್ಬರು ತೀರಿಕೊಂಡು, ಅವರ ಮಕ್ಕಳು ತಂದೆಯ ಹೆಸರಿನ ಷೇರು ಎಷ್ಟು, ಠೇವಣಿ ಎಷ್ಟು ಎಂದು ಕೇಳಲು ಬರುತ್ತಾರೆ. ಗುಮಾಸ್ತರು ಆ ಫೈಲನ್ನು ಹೊಸ ಯಂತ್ರದಲ್ಲಿ ತೆರೆಯಲು ಹೋದರೆ ಅದು ತೆರೆಯುವುದಿಲ್ಲ. ಏಕೆಂದರೆ ಆಕ್ಸೆಸ್ 2013 ಹಾಗೂ ಅದರ ನಂತರದವು 97ರ ಫೈಲುಗಳನ್ನು ಓದುವುದೇ ಇಲ್ಲ. ಅದನ್ನು ಓದಿ ಪರಿವರ್ತಿಸಬಲ್ಲವು ಆಕ್ಸೆಸ್ 2003, 2007 ಮತ್ತು 2010 ಮುಂತಾದ ನಡುಗಾಲದ ಆವೃತ್ತಿಗಳು. ಫೈಲು ಹಾಳಾಗಿಲ್ಲ, ಲೆಕ್ಕವೂ ಅಳಿದಿಲ್ಲ. ಓದುವ ಸಾಧನವನ್ನು ನಾವೇ ಅವಸರದಿಂದ ಎಸೆದಿದ್ದೇವೆ, ಅಷ್ಟೆ. ಹಳೆಯ ಆವೃತ್ತಿಯನ್ನು ಕೆಲಕಾಲ ಉಳಿಸಿಕೊಳ್ಳಬೇಕೆನ್ನುವುದು ಇದಕ್ಕಾಗಿ.

ಆವೃತ್ತಿಗಳ ವಂಶಾವಳಿ

ಪೆಟ್ಟಿಗೆಯ ಮೇಲಿನ ಹೆಸರಲ್ಲದೆ ಪ್ರತಿ ಆವೃತ್ತಿಗೂ ಒಂದು ಒಳಸಂಖ್ಯೆ ಉಂಟು. ಆಫೀಸ್ 97ಕ್ಕೆ 8, 2000ಕ್ಕೆ 9, ಎಕ್ಸ್‌ಪಿಗೆ 10, 2003ಕ್ಕೆ 11, 2007ಕ್ಕೆ 12. ಹದಿಮೂರನ್ನು ಬಿಟ್ಟು 2010ಕ್ಕೆ 14 ಕೊಟ್ಟರು, 2013ಕ್ಕೆ 15. ಆಮೇಲೆ ಬಂದ 2016, 2019, 2021, 2024 ಮತ್ತು ಚಂದಾ ಕಟ್ಟಿ ಬಳಸುವ 365, ಇವೆಲ್ಲಕ್ಕೂ ಒಳಸಂಖ್ಯೆ 16 ಒಂದೇ.

ಇದನ್ನು ತಿಳಿಯುವುದರಿಂದ ಪ್ರಯೋಜನವೇನು? ಒಳಸಂಖ್ಯೆ ಬೇರೆ ಬೇರೆ ಇರುವ ಆವೃತ್ತಿಗಳು ಬೇರೆ ಬೇರೆ ಫೋಲ್ಡರಿನಲ್ಲಿ ಕೂರುತ್ತವೆ. ಆದುದರಿಂದ 2003 ಮತ್ತು 2010, ಅಥವಾ 2010 ಮತ್ತು 2021 ಪಕ್ಕಪಕ್ಕದಲ್ಲಿ ಬಾಳಬಲ್ಲವು. ಆದರೆ 2016 ಮತ್ತು 2021ರ ಪೂರ್ಣ ಕಟ್ಟುಗಳನ್ನು ಒಂದೇ ಯಂತ್ರದಲ್ಲಿ ಹಾಗೆ ಇರಿಸಲಾಗದು. ಎರಡಕ್ಕೂ ಜಾಗ ಒಂದೇ. ಅಲ್ಲಿ ಒಂದನ್ನು ತೆಗೆದ ಮೇಲೆಯೇ ಇನ್ನೊಂದನ್ನು ಹಾಕಬೇಕು.

ಫೈಲಿನ ರೂಪ ಬದಲಾದದ್ದು 2007ರ ಆವೃತ್ತಿಯಿಂದ. ಅದಕ್ಕೆ ಹಿಂದಿನ ಎಕ್ಸೆಲ್ ಹಾಳೆಯಲ್ಲಿ 65,536 ಅಡ್ಡಸಾಲು, 256 ಕಂಬಸಾಲು ಮಾತ್ರ. ಹೊಸ ರೂಪದಲ್ಲಿ 10,48,576 ಅಡ್ಡಸಾಲು, 16,384 ಕಂಬಸಾಲು. ದಿನಕ್ಕೆ 250 ಸಾಲು ಬರೆಯುವ ವಖಾರಿಯ ಆವಕ ದಾಖಲೆ 263ನೆಯ ದಿನ ಹಳೆಯ ಗಡಿಯನ್ನು ದಾಟುತ್ತದೆ. ಅಂತಹ ಹಾಳೆಯನ್ನು ಹಳೆಯ ರೂಪದಲ್ಲಿ ಉಳಿಸಿದರೆ ಗಡಿಯಾಚೆಯ ಸಾಲುಗಳು ಕಳೆದುಹೋಗುತ್ತವೆ. ಎಕ್ಸೆಲ್ ಎಚ್ಚರಿಕೆ ನೀಡುತ್ತದೆ; ಅದನ್ನು ಓದದೆ ‘ಮುಂದುವರಿಸು’ ಎಂದು ಒತ್ತಿದರೆ ನಷ್ಟ ನಮ್ಮದೇ.

ಅಳವಡಿಸುವ ಕ್ರಮ

ಎರಡು ಆವೃತ್ತಿಗಳನ್ನು ಒಟ್ಟಿಗೆ ಇರಿಸುವುದನ್ನು ಕಂಪನಿ ಪ್ರೋತ್ಸಾಹಿಸುವುದಿಲ್ಲ. 2003, 2010ರಂತಹವುಗಳನ್ನು ಹೊಸ ವಿಂಡೋಸಿನಲ್ಲಿ ನಡೆಸುವುದಕ್ಕೂ ಅದರ ಬೆಂಬಲವಿಲ್ಲ. ಅಗತ್ಯವಿದ್ದರೆ ಮಾತ್ರ, ಈ ಕೆಳಗಿನಂತೆ ಮಾಡತಕ್ಕದ್ದು.

1. ಮೊದಲು ಎಲ್ಲ ಫೈಲುಗಳ ಎರಡು ಪ್ರತಿ ತೆಗೆಯಿರಿ. ಒಂದು ಪ್ರತಿ ಕಚೇರಿಯಲ್ಲಿ, ಇನ್ನೊಂದು ಬೇರೆ ಕಟ್ಟಡದಲ್ಲಿ ಇರಲಿ. ಮಳೆಗಾಲದ ಸಿಡಿಲಿಗೆ ಒಂದೇ ಮೇಜಿನ ಮೇಲಿನ ಎರಡು ಪ್ರತಿಗಳು ಒಟ್ಟಿಗೇ ಹೋಗಬಹುದು.

2. ಹಳೆಯದನ್ನು ಮೊದಲು, ಹೊಸದನ್ನು ನಂತರ ಹಾಕಬೇಕು. ಕೊನೆಗೆ ಹಾಕಿದ ಆವೃತ್ತಿಯೇ ಫೈಲುಗಳ ಒಡೆತನ ವಹಿಸಿಕೊಳ್ಳುತ್ತದೆ. ಕ್ರಮ ತಪ್ಪಿದರೆ ಹೊಸ ಫೈಲನ್ನು ಒತ್ತಿದಾಗ ಹಳೆಯ ಎಕ್ಸೆಲ್ ಎದ್ದು ಕೂರುತ್ತದೆ.

3. ಸಿ.ಡಿ.ಯಿಂದ ಹಾಕುವ 2007, 2010ರಂತಹ ಆವೃತ್ತಿಗಳು ‘ಹಿಂದಿನದನ್ನು ತೆಗೆದು ಹಾಕಲೇ?’ ಎಂದು ಕೇಳುತ್ತವೆ. ಅಲ್ಲಿ ‘ನವೀಕರಿಸು’ ಎಂಬುದನ್ನು ಒತ್ತದೆ, ನಮ್ಮ ಇಚ್ಛೆಯಂತೆ ಅಳವಡಿಸುವ ದಾರಿಯನ್ನು ಆರಿಸಿ, ಹಿಂದಿನ ಆವೃತ್ತಿಗಳನ್ನು ಉಳಿಸುವಂತೆ ಗುರುತು ಹಾಕಬೇಕು.

4. 32 ಬಿಟ್, 64 ಬಿಟ್ ಎಂಬ ಎರಡು ಬಗೆ ಉಂಟು. ಇವೆರಡನ್ನು ಬೆರೆಸಲಾಗದು. ಹಳೆಯ 2003, 2007 ಕೇವಲ 32 ಬಿಟ್. ಈಚಿನವು ನಾವು ಏನೂ ಹೇಳದಿದ್ದರೆ 64 ಬಿಟ್ ಆಗಿಯೇ ಬರುತ್ತವೆ. ಆದ್ದರಿಂದ ಹೊಸದನ್ನು ತರಿಸುವಾಗಲೇ 32 ಬಿಟ್ ಬೇಕೆಂದು ಆರಿಸಬೇಕು.

5. ಅಂಚೆ ನೋಡುವ ಔಟ್‌ಲುಕ್ ಒಂದೇ ಇರಲಿ, ಅದೂ ಹೊಸದೇ ಇರಲಿ. ಹಳೆಯ ಕಟ್ಟಿನಿಂದ ಆಕ್ಸೆಸ್, ಎಕ್ಸೆಲ್, ವರ್ಡ್ ಮಾತ್ರ ಹಾಕಿದರೆ ಸಾಕು. ಕೆಲವೊಮ್ಮೆ ಆಕ್ಸೆಸ್ ಒಂದೇ ಸಾಕಾಗುತ್ತದೆ.

6. ಎರಡೂ ಆವೃತ್ತಿಗೆ ಪರವಾನಗಿ ಇರಬೇಕು. ಹಳೆಯ ಸಿ.ಡಿ. ಹಾಗೂ ಅದರ ಹೊದಿಕೆಯ ಮೇಲಿನ ಕೀಲಿಸಂಖ್ಯೆಯನ್ನು ಕಚೇರಿಯ ಕಪಾಟಿನಲ್ಲಿ ದಸ್ತಾವೇಜಿನೊಡನೆ ಇಡಿ.

ಬಳಕೆಯಲ್ಲಿ ಗಮನಿಸಬೇಕಾದವು

ಫೈಲಿನ ಮೇಲೆ ನೇರವಾಗಿ ಒತ್ತುವ ಅಭ್ಯಾಸವನ್ನು ಬಿಡಬೇಕು. ಮೊದಲು ಬೇಕಾದ ಆವೃತ್ತಿಯನ್ನು ತೆರೆದು, ಅದರೊಳಗಿನಿಂದ ಫೈಲನ್ನು ಕರೆಯಬೇಕು. ಎರಡು ಆವೃತ್ತಿಗಳ ಚಿಹ್ನೆಗಳನ್ನು ಪರದೆಯ ಮೇಲೆ ಇಟ್ಟು ‘ಹಳೆಯ ಲೆಕ್ಕ’, ‘ಈಗಿನ ಲೆಕ್ಕ’ ಎಂದು ಹೆಸರು ಕೊಟ್ಟರೆ ರಜೆಯ ಬದಲಿಗೆ ಬಂದವರಿಗೂ ಗೊಂದಲವಾಗದು.

ಒಂದು ಆಕ್ಸೆಸ್ಸಿನಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ‘ಸಿದ್ಧಪಡಿಸಲಾಗುತ್ತಿದೆ’ ಎಂಬ ಅರ್ಥದ ಸೂಚನೆ ಕಾಣಿಸಿ ಕೆಲ ನಿಮಿಷ ಹಿಡಿಯಬಹುದು. ವಿಂಡೋಸಿನ ನೋಂದಣಿಯಲ್ಲಿ ತನ್ನ ಹೆಸರನ್ನು ಮತ್ತೆ ಬರೆಸಿಕೊಳ್ಳುವ ಕೆಲಸವದು. ಕಾಯಲು ತಾಳ್ಮೆ ಸಾಲದೆ ವಿದ್ಯುತ್ ಗುಂಡಿ ಒತ್ತಬಾರದು.

ಹೊಸದರಲ್ಲಿ ಉಳಿಸಿದ್ದನ್ನು ಹಳೆಯದು ಓದಲೇಬೇಕೆಂದಿಲ್ಲ. ಆಕ್ಸೆಸ್ಸಿನ ಹೊಸ ರೂಪದ ಫೈಲು 2003ರಲ್ಲಿ ತೆರೆಯದು. 2003ರ ವರ್ಡ್, ಎಕ್ಸೆಲ್‌ಗಳು ಹೊಸ ರೂಪ ಓದಲು ಬೇಕಾಗಿದ್ದ ಪೂರಕ ತಂತ್ರಾಂಶವನ್ನು ಕಂಪನಿ 2018ರಲ್ಲಿ ಹಿಂತೆಗೆದುಕೊಂಡಿತು. ಆದಕಾರಣ ಒಂದೇ ನಿಯಮ ಸಾಕು: ಹಳೆಯ ಆವೃತ್ತಿಯಲ್ಲಿ ಓದುವುದು ಮಾತ್ರ, ಬರೆಯುವುದೆಲ್ಲ ಹೊಸದರಲ್ಲಿ.

ಇನ್ನು ಸುರಕ್ಷತೆಯ ಮಾತು. 2003ಕ್ಕೆ 2014ರಲ್ಲಿ, 2007ಕ್ಕೆ 2017ರಲ್ಲಿ, 2010ಕ್ಕೆ 2020ರಲ್ಲಿ ಬೆಂಬಲ ನಿಂತಿದೆ. ಅವುಗಳಲ್ಲಿ ಆಮೇಲೆ ಕಂಡುಬಂದ ಬಿರುಕುಗಳನ್ನು ಮುಚ್ಚುವವರಿಲ್ಲ. ಅಂಚೆಯಲ್ಲಿ ಬಂದ ಯಾವ ಫೈಲನ್ನೂ, ಪೆನ್‌ಡ್ರೈವಿನಲ್ಲಿ ಹೊರಗಿನವರು ತಂದ ಯಾವ ಫೈಲನ್ನೂ ಹಳೆಯ ಆವೃತ್ತಿಯಲ್ಲಿ ತೆರೆಯಕೂಡದು.

ಕನ್ನಡ ಅಕ್ಷರ ಕೆಟ್ಟು ಕಂಡರೆ

ಹಳೆಯ ಸಭಾ ನಡವಳಿಯನ್ನು ಹೊಸ ವರ್ಡಿನಲ್ಲಿ ತೆರೆದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ರಾಶಿ ಕಂಡರೆ ಗಾಬರಿ ಬೇಡ. ಅದು ಆವೃತ್ತಿಯ ದೋಷವಲ್ಲ, ಫಾಂಟಿನ ಕೊರತೆ. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಆ ಫಾಂಟನ್ನು ಹೊಸ ಯಂತ್ರಕ್ಕೆ ಹಾಕಿದೊಡನೆ ಬರಹ ಸರಿಯಾಗಿ ಕಾಣುತ್ತದೆ. ಆದರೂ ಶಾಶ್ವತ ಪರಿಹಾರವೆಂದರೆ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸುವುದು. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು, ಅಂಕಿಗಳನ್ನು ಮೂಲದೊಡನೆ ಓದಿ ನೋಡಬೇಕು. ಸದಸ್ಯರ ಹೆಸರಿನಲ್ಲಿ ಒಂದು ಒತ್ತು ತಪ್ಪಿದರೂ ಮುಂದೆ ಹುಡುಕಿದಾಗ ಖಾತೆ ಸಿಗದು.

ಬೇರೆ ದಾರಿಗಳು

ಎರಡು ಆವೃತ್ತಿಗಳನ್ನು ನೇರವಾಗಿ ಬೆರೆಸಲು ಮನಸ್ಸಿಲ್ಲದವರಿಗೆ ಯಂತ್ರದೊಳಗೊಂದು ಯಂತ್ರವನ್ನು ಕಟ್ಟುವ ದಾರಿ ಇದೆ. ವರ್ಚುವಲ್‌ಬಾಕ್ಸ್‌ನಂತಹ ತಂತ್ರಾಂಶದೊಳಗೆ ಹಳೆಯ ವಿಂಡೋಸ್, ಅದರೊಳಗೆ ಹಳೆಯ ಆಫೀಸ್ ಹಾಕಿ, ಅದಕ್ಕೆ ಅಂತರ್ಜಾಲದ ಸಂಪರ್ಕ ಕೊಡದಿದ್ದರೆ ಆಯಿತು. ಹೊರಗಿನ ಹೊಸ ಆಫೀಸಿಗೆ ಅದರ ಗೊಡವೆ ಇಲ್ಲ. 32, 64 ಬಿಟ್‌ನ ತಕರಾರೂ ಇಲ್ಲ. ಹಳೆಯ ವಿಂಡೋಸಿಗೂ ಪರವಾನಗಿ ಬೇಕೆಂಬುದನ್ನು ಮರೆಯಬಾರದು.

ಹಳೆಯ ವರ್ಡ್, ಎಕ್ಸೆಲ್ ಫೈಲುಗಳನ್ನು ಓದುವುದಷ್ಟೇ ಕೆಲಸವಾದರೆ ಲಿಬ್ರೆಆಫೀಸ್ ಸಾಕು. 2010ರಲ್ಲಿ ಓಪನ್‌ಆಫೀಸಿನಿಂದ ಕವಲೊಡೆದ ಈ ತಂತ್ರಾಂಶಕ್ಕೆ ಬೆಲೆ ಕೊಡಬೇಕಾಗಿಲ್ಲ, ಮತ್ತು ಮೈಕ್ರೋಸಾಫ್ಟಿನ ಯಾವ ಆವೃತ್ತಿಯ ಪಕ್ಕದಲ್ಲಿಯೂ ಅದು ಇರಬಲ್ಲದು. ಮನೆಯಲ್ಲಿ ತೋಟದ ಕೂಲಿ ಲೆಕ್ಕ, ಕಾಫಿ ಒಣಗಿಸಿದ ಲೆಕ್ಕ ಇಟ್ಟುಕೊಂಡ ಸದಸ್ಯರಿಗೆ ಇದು ಅನುಕೂಲ.

ಹಳೆಯ ಲೆಕ್ಕವನ್ನು ದಾಟಿಸುವುದು

ಎರಡು ಆವೃತ್ತಿ ಇಟ್ಟುಕೊಂಡದ್ದರ ಉದ್ದೇಶ ದಾಟಿಸುವುದೇ. ಆಕ್ಸೆಸ್ 97ರ ಫೈಲಿನ ಪ್ರತಿಯನ್ನು 2003 ಅಥವಾ 2010ರಲ್ಲಿ ತೆರೆದು 2002–2003ರ ರೂಪಕ್ಕೆ ಪರಿವರ್ತಿಸಿ, ಅದನ್ನು ಹೊಸ ಆಕ್ಸೆಸ್ಸಿನಲ್ಲಿ ತೆರೆದು ಹೊಸ ರೂಪದಲ್ಲಿ ಉಳಿಸಬೇಕು. ಹಳೆಯ ಫೈಲಿನಲ್ಲಿ ಗುಮಾಸ್ತರಿಗೊಂದು, ಕಾರ್ಯದರ್ಶಿಗೊಂದು ಎಂದು ಕೊಟ್ಟಿದ್ದ ಬಳಕೆದಾರರ ಕಾವಲು ಹೊಸ ರೂಪಕ್ಕೆ ಬರುವುದಿಲ್ಲ. ಅದನ್ನು ಬೇರೆ ಬಗೆಯಲ್ಲಿ ಏರ್ಪಡಿಸಿಕೊಳ್ಳಬೇಕು.

ದಾಟಿದ ಲೆಕ್ಕ ಸರಿಯೆಂದು ಕಣ್ಣಂದಾಜಿನಿಂದ ಹೇಳಬಾರದು. ಮೂರು ತಾಳೆ ನೋಡಿ. ಒಂದು, ಹಳೆಯದರಲ್ಲಿಯೂ ಹೊಸದರಲ್ಲಿಯೂ ಖಾತೆಗಳ ಸಂಖ್ಯೆ ಒಂದೇ ಇದೆಯೇ? ಎರಡು, ಬಾಕಿಯ ಒಟ್ಟು ಮೊತ್ತ ಆ ವರ್ಷದ ಅಢಾವೆ ಪತ್ರಿಕೆಗೆ ಪೈಸೆಯವರೆಗೂ ಹೊಂದುತ್ತದೆಯೇ? ಮೂರು, ಅಲ್ಲೊಂದು ಇಲ್ಲೊಂದು ಎಂದು ಹತ್ತು ಖಾತೆ ಆರಿಸಿ ಕಾಗದದ ಲೆಡ್ಜರಿನೊಡನೆ ಸಾಲು ಸಾಲಾಗಿ ನೋಡಿ. ಲೆಕ್ಕಿಗರೊಬ್ಬರು ಓದಿ, ಇನ್ನೊಬ್ಬರು ಪರದೆ ನೋಡಿ, ಇಬ್ಬರೂ ದಿನಾಂಕ ಹಾಕಿ ಸಹಿ ಮಾಡಲಿ. ಮುಂದಿನ ಆಡಿಟ್ಟಿನಲ್ಲಿ ಆ ಹಾಳೆಯೇ ಆಧಾರ.

2022ರ ಜೂನ್ 29ರಂದು ಕೇಂದ್ರ ಸಚಿವ ಸಂಪುಟ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ನೀಡಿತು. ಅಂತಹ ಸಾಮಾನ್ಯ ತಂತ್ರಾಂಶಕ್ಕೆ ಸೇರುವ ಸಂಘಗಳಿಗೂ ಈ ಮೂರು ತಾಳೆಗಳು ಅಷ್ಟೇ ಅಗತ್ಯ. ಹೆಸರು ಯಾವುದಾದರೂ, ಹಳೆಯ ಪುಸ್ತಕದಿಂದ ಹೊಸ ಪುಸ್ತಕಕ್ಕೆ ಬಾಕಿ ಎಳೆಯುವ ಕೆಲಸ ಒಂದೇ.

ತಾಳೆ ಮುಗಿದು, ಒಂದು ಪೂರ್ಣ ಲೆಕ್ಕವರ್ಷ ಹೊಸದರಲ್ಲಿಯೇ ನಡೆದು, ಆಡಿಟ್ ಆದ ಮೇಲೆ ಹಳೆಯ ಆವೃತ್ತಿಯನ್ನು ಯಂತ್ರದಿಂದ ತೆಗೆಯಬಹುದು. ಅದಕ್ಕೆ ಮೊದಲು ಬೇಡ. ಅದಾದ ಮೇಲೆ ಸುಮ್ಮನೆ ಇಟ್ಟುಕೊಳ್ಳುವುದೂ ಬೇಡ. ಹಳೆಯ ಫೈಲುಗಳ ಮೂಲ ಪ್ರತಿಯನ್ನು ಮಾತ್ರ ಎಂದೆಂದಿಗೂ ಅಳಿಸಕೂಡದು.

ಸದಸ್ಯರೂ ಶಾಖೆಯ ಸಿಬ್ಬಂದಿಯೂ ತಮ್ಮ ಯಂತ್ರದ ವಿಂಡೋಸ್ ಯಾವುದು, ಆಫೀಸ್ ಯಾವುದು, ಅತ್ಯಂತ ಹಳೆಯ ಫೈಲು ಯಾವ ವರ್ಷದ್ದು ಎಂಬ ಮೂರು ವಿವರಗಳನ್ನು ಇಂದೇ ಒಂದು ಚೀಟಿಯಲ್ಲಿ ಬರೆದು ಕಂಪ್ಯೂಟರಿನ ಬದಿಗೆ ಅಂಟಿಸಿದರೆ, ಕೆಲಸದ ಮೊದಲ ಹೆಜ್ಜೆ ಇಟ್ಟಂತಾಯಿತು.