ಅವಳಿಗೆ ದುಃಖವಾಗಿದೆ ಎನ್ನಬೇಡಿ

ಕಣ್ಣು ಕಾಣದವನು ಸಿನಿಮಾಕ್ಕೆ ಯಾಕೆ ಬರುತ್ತಾನೆ ಎಂದು ಟಾಕೀಸಿನ ಗೇಟಿನಲ್ಲೇ ನನ್ನನ್ನು ಕೇಳಿದವರಿದ್ದಾರೆ. ನೀವು ಬರುವ ಕಾರಣಕ್ಕೇ ಎನ್ನುತ್ತೇನೆ. ಹಾಡು, ಮಾತು, ಹೊಡೆದಾಟದ ಸದ್ದು ನನಗೂ ಸಿಗುತ್ತವೆ. ಮಾತು ನಿಂತಾಗಲೇ ಕಷ್ಟ. ಎಲ್ಲರೂ ಏನನ್ನೋ ಕಂಡು ಶಿಳ್ಳೆ ಹಾಕುತ್ತಾರೆ, ನಾನೊಬ್ಬ ಹೊರಗುಳಿಯುತ್ತೇನೆ.

ಬಹಳ ವರ್ಷ ಆ ಬಿಡುವನ್ನು ತುಂಬಿದವಳು ನನ್ನಕ್ಕ. ಅವಳ ವರದಿ ಹೀಗಿರುತ್ತಿತ್ತು: "ಅಯ್ಯೋ, ಬಂದ್ನಲ್ಲೋ!" "ಯಾರಕ್ಕಾ?" "ಅವ್ನೇ ಕಣೋ, ಸುಮ್ನಿರು." ಹಿಂದಿನ ಸೀಟಿನವರು ಗದರುವಷ್ಟರಲ್ಲಿ ಬಂದವನು ಹೋಗಿಯೂ ಆಗಿರುತ್ತಿತ್ತು.

ಆಡಿಯೊ ಡಿಸ್ಕ್ರಿಪ್ಷನ್ ಮಾಡುವುದೂ ಅಕ್ಕನ ಕೆಲಸವನ್ನೇ, ತಯಾರಿ ಮಾಡಿಕೊಂಡು. ಸಂಭಾಷಣೆಗಳ ನಡುವೆ ಎಷ್ಟು ಸೆಕೆಂಡು ಬಿಡುವಿದೆ ಎಂದು ನೋಡಿ, ಅದರೊಳಗೆ ಹಿಡಿಸುವಷ್ಟೇ ಮಾತು ಬರೆದು, ಓದಿ ರೆಕಾರ್ಡ್ ಮಾಡುತ್ತಾರೆ. ಒಟಿಟಿಯಲ್ಲಿ ಭಾಷೆ ಆರಿಸುವ ಕಡೆಯೇ ಅದೂ ಇರುತ್ತದೆ. ಟಾಕೀಸಿನಲ್ಲಾದರೆ ಮೊಬೈಲಿನ ಆ್ಯಪ್ ಚಿತ್ರದ ಸದ್ದನ್ನು ಆಲಿಸಿ, ದೃಶ್ಯಕ್ಕೆ ಸರಿಯಾಗಿ ವಿವರಣೆಯನ್ನು ಇಯರ್‌ಫೋನಿಗೆ ಕೊಡುತ್ತದೆ. ಪಕ್ಕದವರಿಗೆ ಗೊತ್ತೂ ಆಗುವುದಿಲ್ಲ. ಇದು ಹೊಸದೇನಲ್ಲ. ವಾಷಿಂಗ್ಟನ್ನಿನ ಅರೀನಾ ಸ್ಟೇಜ್ ರಂಗಮಂದಿರದಲ್ಲಿ 1981ರಲ್ಲೇ ನಾಟಕಗಳಿಗೆ ಹೀಗೆ ವಿವರಣೆ ಕೊಡಲು ಶುರುಮಾಡಿದ್ದರು. ಅದರ ಹಿಂದಿದ್ದ ಮಾರ್ಗರೆಟ್ ಎಂಬವರಿಗೂ ಕಣ್ಣು ಕಾಣುತ್ತಿರಲಿಲ್ಲ.

ಕೇಳಿ ಕೇಳಿ ನಾನು ಸ್ವಲ್ಪ ತಕರಾರಿನ ಶ್ರೋತೃವಾಗಿದ್ದೇನೆ. ಭಾವನೆಯನ್ನು ನನಗೆ ಹೇಳಿಕೊಡಬೇಡಿ. "ಅವಳಿಗೆ ತುಂಬಾ ದುಃಖವಾಗಿದೆ" ಎಂದರೆ ನನ್ನ ಪಾಲಿನ ಕೆಲಸವನ್ನೂ ನೀವೇ ಮಾಡಿಬಿಟ್ಟಿರಿ. "ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಾಳೆ, ತಟ್ಟೆಯ ಅನ್ನ ಹಾಗೇ ಇದೆ" ಎನ್ನಿ, ಸಾಕು. ಇವರಿಗೇನು ತಿಳಿಯುತ್ತದೆ ಎಂದು ಬಣ್ಣವನ್ನು ಬಿಡಬೇಡಿ. ಚಿಕ್ಕಂದಿನಲ್ಲಿ ಕಂಡ ಕೆಂಪು ನನಗೆ ಇನ್ನೂ ನೆನಪಿದೆ. ಹುಟ್ಟಿನಿಂದಲೇ ಕಾಣದ ನನ್ನ ಗೆಳೆಯನಿಗೂ ಹಸಿರು ಬಳೆ ಎಂದರೆ ಏನೆಂದು ಚೆನ್ನಾಗಿ ಗೊತ್ತು. ಕೊಲೆಗಾರನ ಮುಖ ತೆರೆಗೆ ಬರುವ ಮೊದಲೇ ಅವನ ಹೆಸರು ಹೇಳಬೇಡಿ. ಬಿಡುವು ಸಿಕ್ಕಿತೆಂದು ಪೂರಾ ತುಂಬಲೂ ಬೇಡಿ. ಮಳೆ ಸುರಿಯುವುದು ನನಗೂ ಕೇಳಿಸುತ್ತದೆ.

ಯಾವುದನ್ನು ಮೊದಲು ಹೇಳಬೇಕು ಎನ್ನುವುದೂ ಮುಖ್ಯ. ಅದು ತಿಳಿದದ್ದು ಸಿನಿಮಾದಿಂದಲ್ಲ, ಶ್ರವಣಬೆಳಗೊಳದಲ್ಲಿ. ಏಕಶಿಲೆ, ಸುಮಾರು 58 ಅಡಿ, ಹತ್ತನೆಯ ಶತಮಾನ, ಚಾವುಂಡರಾಯ ಮಾಡಿಸಿದ್ದು ಎಂದು ಗೈಡ್ ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಎಲ್ಲ ಸರಿ, ಗೊಮ್ಮಟ ಮಾತ್ರ ಬರಲಿಲ್ಲ. ಆಮೇಲೆ ಅಕ್ಕನ ಮಗಳು ಪಾದದಿಂದ ಶುರುಮಾಡಿದಳು: "ಮಾಮ, ಕಾಲಿನ ಎರಡೂ ಕಡೆ ಹುತ್ತ ಇದೆ, ಹಾವು ಹೊರಗೆ ಬರ್ತಿವೆ. ಬಳ್ಳಿ ತೊಡೆಗೆ ಸುತ್ತಿಕೊಂಡು ತೋಳಿನವರೆಗೂ ಹೋಗಿದೆ. ಕೈ ಎರಡೂ ನೆಟ್ಟಗೆ ಇಳಿಬಿಟ್ಟಿದಾನೆ. ಇನ್ನೂ ಮೇಲೆ... ತುಟಿ ಒಂಚೂರು ನಕ್ಕ ಹಾಗಿದೆ, ಹಲ್ಲು ಕಾಣಲ್ಲ. ಗುಂಗುರು ಕೂದಲು." ಅವಳ ಮಾತಿನ ಹಿಂದೆಯೇ ನನ್ನ ತಲೆಯೂ ಮೇಲೇರುತ್ತಾ ಹೋಗಿ, 58 ಅಡಿ ಎಂದರೆ ಎಷ್ಟೆಂದು ಕುತ್ತಿಗೆಗೆ ಗೊತ್ತಾಯಿತು.

ಕಾನೂನಿನ ಕೊರತೆಯಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್ನಿನಲ್ಲೇ ಆಡಿಯೊ ಡಿಸ್ಕ್ರಿಪ್ಷನ್ನಿನ ಹೆಸರಿದೆ. 'ಪಠಾಣ್' ಚಿತ್ರದ ಒಟಿಟಿ ಬಿಡುಗಡೆಗೆ ಇದನ್ನು ಸಿದ್ಧಪಡಿಸುವಂತೆ ದೆಹಲಿ ಹೈಕೋರ್ಟ್ 2023ರ ಜನವರಿಯಲ್ಲಿ ಸೂಚಿಸಿತು. ಟಾಕೀಸುಗಳಿಗಾಗಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2024ರ ಮಾರ್ಚಿನಲ್ಲಿ ಮಾರ್ಗಸೂಚಿಯನ್ನೂ ಹೊರಡಿಸಿತು. ಇಷ್ಟಾದರೂ ನನ್ನ ಫೋನಿನಲ್ಲಿ ಇಂಗ್ಲಿಷ್ ಸರಣಿಗಳಿಗೆ ಸಲೀಸಾಗಿ ಸಿಗುವ ವಿವರಣೆ ಕನ್ನಡ ಚಿತ್ರಗಳಿಗೆ ಸಿಗುವುದು ಅಪರೂಪ.

ಕನ್ನಡದ ನಿರ್ಮಾಪಕರೇ, ಡಬ್ಬಿಂಗಿಗೆ ಹಣ ಎತ್ತಿಡುವಾಗ ಇದಕ್ಕೂ ಸ್ವಲ್ಪ ಎತ್ತಿಡಿ. ರೆಕಾರ್ಡ್ ಮಾಡುವ ಮೊದಲು ಬರೆದದ್ದನ್ನು ಕಣ್ಣು ಕಾಣದ ಒಬ್ಬರಿಗಾದರೂ ಓದಿ ಹೇಳಿ, ಅವರ ತಕರಾರು ಕೇಳಿಸಿಕೊಳ್ಳಿ. ಆ ಕೆಲಸಕ್ಕೆ ಸಂಭಾವನೆಯನ್ನೂ ಕೊಡಿ.