ಸೊಲ್ಲು ಹಿಡಿಯುವವರು: ತಂಬೂರಿ ಪದದವನ ಅನುಭವದ ಪಾಠಗಳು

1. ಕಥೆಗಿಂತ ಮೊದಲು ಸೊಲ್ಲು ಹಿಡಿಯುವುದನ್ನು ಕಲಿಯಿರಿ. ನಮ್ಮ ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ನಾನು ಕಂಡಂತೆ, ಮೇಳಕ್ಕೆ ಬಂದ ಹುಡುಗನ ಕೈಗೆ ಮೊದಲು ಕೊಡುವುದು ತಾಳ. ತಂಬೂರಿ ಹಿಡಿದ ಮುಂದಾಳು ನುಡಿ ಎತ್ತುತ್ತಾನೆ. ಅದರ ಕೊನೆ ನೆಲಕ್ಕೆ ಬೀಳುವ ಮುಂಚೆ ಹಿಮ್ಮೇಳದಲ್ಲಿ ತಾಳ, ದಮ್ಮಡಿ ಬಾರಿಸುವವರು ಸೊಲ್ಲು, ಅಂದರೆ ಮರುಕಳಿಸುವ ಪಲ್ಲವಿ, ಎತ್ತಿಕೊಳ್ಳಬೇಕು. ಅಷ್ಟರಲ್ಲಿ ಮುಂದಾಳಿಗೆ ಉಸಿರು ಸಿಗುತ್ತದೆ, ಮುಂದಿನ ನುಡಿ ಬಾಯಿಗೆ ಬರುತ್ತದೆ. ಮಂಟೇಸ್ವಾಮಿ ಕಥೆ ಬೆಳಗಾಗುವ ತನಕ ನಡೆಯುವುದು ಈ ಬಿಡುವಿನ ಬಲದಿಂದ. ಬರೀ ಬಾಯಿಪಾಠ ನಡುರಾತ್ರಿಗೇ ಕೈಕೊಡುತ್ತದೆ.

2. ಕೀಬೋರ್ಡಿನ ಶ್ರುತಿಗೆ ಗಂಟಲು ಹರಿದುಕೊಳ್ಳಬೇಡಿ. ನಿಮ್ಮ ಕಂಠಕ್ಕೆ ತಂಬೂರಿ ಬಿಗಿಯಿರಿ.

3. ಉತ್ಸವದ ವೇದಿಕೆಯಲ್ಲಿ ಹತ್ತು ನಿಮಿಷ ಕೊಟ್ಟರೆ ಇಡೀ ಕಥೆಯನ್ನು ಚೂರುಚೂರು ಮಾಡಿ ಹಂಚಬೇಡಿ. ಮಂಟೇಸ್ವಾಮಿ ಕಥೆಯ ಕಲ್ಯಾಣದ ಸಾಲಿನಲ್ಲಿ ಅವನು ಹೊಲಸು ವೇಷದಲ್ಲಿ ಬಸವಣ್ಣನ ಬಾಗಿಲಿಗೆ ಬಂದು ಶರಣರನ್ನು ಪರೀಕ್ಷಿಸುವ ಪ್ರಸಂಗವಿದೆಯಲ್ಲ, ಅದೊಂದನ್ನೇ ನಿಧಾನವಾಗಿ ಹಾಡಿ. ಜನ ಕೂತು ಕೇಳುತ್ತಾರೆ. ಅವರಿಗೆ ತಾಳ್ಮೆಯಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

4. ಪುಸ್ತಕ ಓದಿ, ಆದರೆ ಅದನ್ನೇ ನೆಚ್ಚಬೇಡಿ. ನಾಗಮಂಗಲ ತಾಲ್ಲೂಕು ಜಾನಪದಕ್ಕೆ ಇಬ್ಬರು ದೊಡ್ಡವರನ್ನು ಕೊಟ್ಟಿದೆ. ಒಬ್ಬರು ಅಂಬಲಜೀರಹಳ್ಳಿಯ ಜೀ.ಶಂ. ಪರಮಶಿವಯ್ಯ. ಇನ್ನೊಬ್ಬರು ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು, 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಹುಟ್ಟುಹಾಕಿ, ರಾಮನಗರದ ಬಳಿ ಜಾನಪದ ಲೋಕ ಕಟ್ಟಿದವರು. ಅವರಂಥವರು ಊರೂರು ಸುತ್ತಿ ಬರೆದುಕೊಳ್ಳದಿದ್ದರೆ ಎಷ್ಟೋ ಪದ ಹಾಡುವವರ ಜೊತೆಗೇ ಮಣ್ಣಾಗುತ್ತಿದ್ದವು. ಆದರೂ ಅಚ್ಚಿನಲ್ಲಿ ಸೊಲ್ಲು ಸಾಮಾನ್ಯವಾಗಿ ಒಂದೇ ಸಲ ಬರುತ್ತದೆ. ಹಾಡುವಾಗ ಅದು ನೂರು ಸಲ ಬರುತ್ತದೆ, ಸಂದರ್ಭ ನೋಡಿ ಏರುತ್ತದೆ, ಇಳಿಯುತ್ತದೆ. ಅದನ್ನು ಹಿರಿಯರ ಪಕ್ಕ ಕೂತೇ ಹಿಡಿಯಬೇಕು. ಮೊಬೈಲಿನಲ್ಲಿ ದನಿ ಹಿಡಿಯುವಾಗ ಹಿಮ್ಮೇಳದವರ ಹತ್ತಿರವೂ ಒಂದು ಮೊಬೈಲ್ ಇಡಿ.

5. ಕೆ.ಆರ್. ಪೇಟೆ ಕಡೆಯ ಮದುವೆಗೆ ಹೋದರೆ ಅರಿಶಿನ ಹಚ್ಚುವ ಹೊತ್ತಿಗೆ ಸ್ಪೀಕರ್ ನಿಲ್ಲಿಸಲು ಹೇಳಿ, ಅಜ್ಜಿಯರನ್ನು ಸೋಬಾನೆಗೆ ಕೂರಿಸಿ. ಸೊಲ್ಲು ಹೇಳಲು ಹೆಣ್ಣುಮಕ್ಕಳನ್ನು ಪಕ್ಕದಲ್ಲೇ ಕೂರಿಸಿ. ಎದುರು ದನಿ ಕೊಡುವವರಿಲ್ಲದೆ ಎಷ್ಟೋ ಅಜ್ಜಿಯರು ಪದವನ್ನೇ ಬಿಟ್ಟಿದ್ದಾರೆ.

6. ಸಂಭಾವನೆ ಮುಂದಾಳಿನ ಖಾತೆಗೆ ಬರುತ್ತದೆ, ಶಾಲು ಹಾರವೂ ಅವನಿಗೇ. ದಮ್ಮಡಿಯವನು ಬೆಳಗಾದರೆ ಕಬ್ಬು ಕಡಿಯಲು ಹೋಗಬೇಕು. ಇದು ಅನ್ಯಾಯ. ಹಣ ಬಂದ ದಿನವೇ ಎಲ್ಲರೆದುರು ಲೆಕ್ಕ ಹೇಳಿ ಪಾಲು ಕೊಡಿ. ಆಹ್ವಾನ ಪತ್ರಿಕೆಯಲ್ಲಿ 'ಮತ್ತು ತಂಡ' ಎಂದು ಹಾಕಲು ಬಿಡಬೇಡಿ. ನಾಳೆ ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕುವಾಗ ಹಾಡಿದ್ದಕ್ಕೆ ದಾಖಲೆ ಬೇಕು. ಹೆಸರು ಅಚ್ಚಾಗದಿದ್ದರೆ ಕಾರ್ಯಕ್ರಮ ಮುಗಿದ ಕೂಡಲೇ ಸಂಘಟಕರಿಂದ ಬರೆಸಿ ಸಹಿ ಹಾಕಿಸಿಕೊಳ್ಳಿ, ತಾಳ ಹಿಡಿದವನ ಹೆಸರಿಗೂ.